ಈಡಾಗಿ ನಿಂತ ಬಂಧು

(ಯೇಸುವಿನ ವಿಮೋಚನಾ ಯಜ್ಞದ ಅರ್ಥವನ್ನು ಕುರಿತು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ತಪ್ಪಿಹೋಗಿದ್ದ ಒಂದೆರಡು ಎಳೆಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಪೀಠಕ್ಕಾಗಿ ನಡೆದ ಒಂದು ಜಗಳದಿಂದ ಮಾತು ಆರಂಭಿಸುತ್ತೇನೆ. ಯೇಸು ಯೆರೂಸಲೇಮಿನ ದಾರಿಯಲ್ಲಿದ್ದಾನೆ. ಅವನು ಮುಂದೆ, ಶಿಷ್ಯರು ಹಿಂದೆ. ಹಿಂದೆ ಬರುವವರ ಎದೆಯಲ್ಲಿ ಅಳುಕು. ತನ್ನನ್ನು ಹಿಡಿದುಕೊಡುತ್ತಾರೆ, ಅಪಹಾಸ್ಯ ಮಾಡುತ್ತಾರೆ, ಮುಖಕ್ಕೆ ಉಗುಳುತ್ತಾರೆ, ಕೊರಡೆಗಳಿಂದ ಹೊಡೆದು ಕೊಲ್ಲುತ್ತಾರೆ ಎಂದು ಅವನು ಮೂರನೆಯ ಸಲ ಹೇಳಿ ಮುಗಿಸಿದ್ದಾನಷ್ಟೇ. ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರು ಹತ್ತಿರ ಬಂದು, ನಿನ್ನ ಮಹಿಮೆಯ ಕಾಲದಲ್ಲಿ ನಮ್ಮಲ್ಲಿ ಒಬ್ಬನನ್ನು ಬಲಗಡೆ, ಇನ್ನೊಬ್ಬನನ್ನು ಎಡಗಡೆ ಕೂರಿಸಿಕೋ ಎಂದು ಕೇಳುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಅವರ ಕಣ್ಣೂ ಆ ಜಾಗಗಳ ಮೇಲೆಯೇ ಇತ್ತು ಎಂದು ನನಗೆ ಅನ್ನಿಸುತ್ತದೆ. ಆ ಜಗಳವನ್ನು ಬಿಡಿಸುತ್ತಾ ಯೇಸು, ತನ್ನನ್ನೇ ಮನುಷ್ಯಕುಮಾರನೆಂದು ಕರೆದುಕೊಂಡು, ಹೇಳಿದ ಮಾತು ಇದು: ಮನುಷ್ಯಕುಮಾರನು ಸೇವೆ ಮಾಡಿಸಿಕೊಳ್ಳುವುದಕ್ಕೆ ಬರಲಿಲ್ಲ, ಸೇವೆ ಮಾಡುವುದಕ್ಕೂ ಅನೇಕರನ್ನು ಬಿಡಿಸಿಕೊಳ್ಳುವುದಕ್ಕಾಗಿ ತನ್ನ ಪ್ರಾಣವನ್ನು ಈಡು ಕೊಡುವುದಕ್ಕೂ ಬಂದನು.

ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದ 45ನೆಯ ವಚನ. ಮತ್ತಾಯನಲ್ಲಿಯೂ ಇದೇ ಮಾತಿದೆ. ತನ್ನ ಸಾವಿಗೆ ಏನು ಅರ್ಥ ಎಂದು ಯೇಸುವೇ ತನ್ನ ಬಾಯಿಂದ ಹೇಳಿದ ಮಾತುಗಳು ಸುವಾರ್ತೆಗಳಲ್ಲಿ ಹೆಚ್ಚಿಲ್ಲ. ಆದ್ದರಿಂದ ಈ ಒಂದು ವಾಕ್ಯವನ್ನು ಅವಸರವಿಲ್ಲದೆ ಓದಬೇಕು.

ಕನ್ನಡದ ಅನುವಾದಕರು ಇಲ್ಲಿ ಆರಿಸಿಕೊಂಡ 'ಈಡು' ಎಂಬ ಎರಡಕ್ಷರದ ಪದವನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಸಾಲ ತರುವಾಗ ಒಡವೆಯನ್ನು ಈಡಾಗಿ ಇಡುತ್ತಾರೆ. ಅಲ್ಲಿ ಈಡು ಎಂದರೆ ಒತ್ತೆ. ಇವನಿಗೆ ಅವನು ಈಡಲ್ಲ ಎನ್ನುವಾಗ ಈಡು ಎಂದರೆ ಸರಿಸಮಾನ. ಅವಮಾನಕ್ಕೆ ಈಡಾದನು, ಹಿಂಸೆಗೆ ಈಡಾದನು ಎನ್ನುವಾಗ, ಬಂದ ಏಟಿಗೆ ಮೈಯೊಡ್ಡಿದವನು ಎಂದು ಅರ್ಥ. ಒತ್ತೆ, ಸರಿಸಾಟಿ, ಏಟಿಗೆ ಒಡ್ಡಿಕೊಂಡ ಮೈ. ಯೇಸುವಿನ ಸಾವನ್ನು ಕುರಿತು ಕ್ರೈಸ್ತ ಪಂಡಿತರು ಶತಮಾನಗಳ ಕಾಲ ಬರೆದದ್ದರಲ್ಲಿ ಬಹುಪಾಲು ಈ ಮೂರು ಅರ್ಥಗಳ ನಡುವೆಯೇ ಓಡಾಡುತ್ತದೆ. ನಮಗೆ ಮೂರೂ ಒಂದೇ ಪದದಲ್ಲಿ ಸಿಕ್ಕಿವೆ.

ಗ್ರೀಕ್ ಮೂಲದಲ್ಲಿ ಇರುವ ಪದ 'ಲುತ್ರೋನ್'. ಬಿಚ್ಚು, ಕಟ್ಟು ಸಡಿಲಿಸು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಯುದ್ಧದಲ್ಲಿ ಸೆರೆಸಿಕ್ಕವರನ್ನು ಬಿಡಿಸಲು, ದಾಸರನ್ನು ಬಿಡುಗಡೆ ಮಾಡಲು ತೆರುತ್ತಿದ್ದ ಹಣಕ್ಕೆ ಆ ಕಾಲದ ಜನ ಈ ಪದವನ್ನು ಬಳಸುತ್ತಿದ್ದರು. ಗ್ರೀಸ್ ದೇಶದ ದೆಲ್ಫಿಯಲ್ಲಿ ಅಪೊಲೊ ದೇವಾಲಯದ ಜಗಲಿಯ ಗೋಡೆಯ ಮೇಲೂ ಸುತ್ತಲಿನ ಕಲ್ಲುಗಳ ಮೇಲೂ ಸಾವಿರಕ್ಕೂ ಹೆಚ್ಚು ಬಿಡುಗಡೆಯ ಶಾಸನಗಳಿವೆ. ಯಜಮಾನನು ತನ್ನ ದಾಸನನ್ನು ದೇವರಿಗೆ 'ಮಾರಿದನು' ಎಂದು ಅಲ್ಲಿ ಕೆತ್ತಿರುತ್ತಾರೆ. ದೇವರು ಕೊಂಡದ್ದು ಹೆಸರಿಗೆ ಮಾತ್ರ. ಹಣ ಸಾಮಾನ್ಯವಾಗಿ ಆ ದಾಸನೇ ವರ್ಷಗಟ್ಟಲೆ ಕಾಸಿಗೆ ಕಾಸು ಸೇರಿಸಿ ಕೂಡಿಟ್ಟದ್ದು. ದೆಲ್ಫಿಯಿಂದ ಕೊಲ್ಲಿಯ ಆಚೆಗಿದ್ದ ಕೊರಿಂಥದ ಕ್ರೈಸ್ತರಿಗೆ ಅಪೊಸ್ತಲನಾದ ಪೌಲನು, ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು ಎಂದು ಒಂದೇ ಪತ್ರದಲ್ಲಿ ಎರಡು ಸಲ ಬರೆದನು. ಆ ಸಭೆಯಲ್ಲಿ ದಾಸರೂ ಇದ್ದರು, ಬಿಡುಗಡೆಯಾದವರೂ ಇದ್ದರು. ನಿಮ್ಮ ಗಂಟಿನಿಂದ ಒಂದು ಕಾಸನ್ನೂ ತೆಗೆದುಕೊಳ್ಳದೆ ನಿಮ್ಮನ್ನು ಕೊಂಡಿದ್ದಾರೆ ಎಂಬ ಮಾತು ಅವರ ಕಿವಿಗೆ ಹೇಗೆ ಕೇಳಿಸಿರಬೇಕು!

ಆದರೆ ಯೇಸು ಮಾತನಾಡಿದ್ದು ಯೆಹೂದ್ಯನಾಗಿ. ಅವನ ಮಾತಿನ ಬೇರು ದೆಲ್ಫಿಯಲ್ಲಿ ಇಲ್ಲ, ಮೋಶೆಯ ಧರ್ಮಶಾಸ್ತ್ರದಲ್ಲಿದೆ. ಅಲ್ಲಿ ಬಿಡುಗಡೆಯ ಬೆಲೆಯ ಕುರಿತು ಹಲವು ನಿಯಮಗಳಿವೆ, ಕೆಲವು ಬಹಳ ಲೌಕಿಕವಾದವು. ಹಾಯುವ ಎತ್ತು ಎಂದು ಗೊತ್ತಿದ್ದೂ, ಎಚ್ಚರಿಸಿದ್ದರೂ ಅದನ್ನು ಕಟ್ಟಿಹಾಕದೆ, ಅದು ಒಬ್ಬ ಮನುಷ್ಯನನ್ನು ಕೊಂದರೆ ಒಡೆಯನಿಗೂ ಮರಣದಂಡನೆ. ಆದರೆ ಈಡು ಗೊತ್ತುಮಾಡಿದರೆ ಅದನ್ನು ತೆತ್ತು ಅವನು ಪ್ರಾಣ ಉಳಿಸಿಕೊಳ್ಳಬಹುದು. ಇದು ವಿಮೋಚನಕಾಂಡದ 21ನೆಯ ಅಧ್ಯಾಯ. ಅದೇ ಪುಸ್ತಕದ 30ನೆಯ ಅಧ್ಯಾಯದಲ್ಲಿ ಜನಗಣತಿಯ ನಿಯಮವಿದೆ: 20 ವರ್ಷ ದಾಟಿದ ಪ್ರತಿ ಗಂಡಸೂ ತನ್ನ ಪ್ರಾಣದ ಈಡಾಗಿ ಅರ್ಧ ಶೆಕೆಲ್ ತೂಕದ ಬೆಳ್ಳಿ ಕೊಡಬೇಕು. ಐಶ್ವರ್ಯವಂತನು ಹೆಚ್ಚು ಕೊಡಬಾರದು, ಬಡವನು ಕಡಿಮೆ ಕೊಡಬಾರದು. ಪ್ರಾಣದ ಲೆಕ್ಕದಲ್ಲಿ ಎಲ್ಲರೂ ಒಂದೇ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಟ ರಾತ್ರಿ ಐಗುಪ್ತ್ಯರ ಚೊಚ್ಚಲು ಮಕ್ಕಳು ಸತ್ತಾಗ ಇಸ್ರಾಯೇಲ್ಯರ ಚೊಚ್ಚಲು ಮಕ್ಕಳು ಉಳಿದುಕೊಂಡರು; ಆದ್ದರಿಂದ ಅವರು ದೇವರ ಸ್ವತ್ತು. ಅವರ ಬದಲಿಗೆ ಲೇವಿಯ ಕುಲದವರನ್ನು ದೇವರು ತೆಗೆದುಕೊಳ್ಳುತ್ತಾನೆ. ಎಣಿಸಿದಾಗ ಚೊಚ್ಚಲು ಮಕ್ಕಳು 22,273, ಲೇವಿಯರು 22,000. ಉಳಿದ 273 ಮಂದಿಯ ಗತಿ ಏನು? ಸುಮಾರಾಗಿ ಸರಿಹೋಯಿತು ಎಂದು ಬಿಡಲಿಲ್ಲ. ತಲೆಗೆ 5 ಶೆಕೆಲ್‌ನಂತೆ 1,365 ಶೆಕೆಲ್ ಕೊಟ್ಟು ಅವರನ್ನು ಬಿಡಿಸಿದರು. ಬೈಬಲಿನ ಅರಣ್ಯಕಾಂಡದ ಈ ಪುಟವನ್ನು ಒಣ ಲೆಕ್ಕವೆಂದು ಅನೇಕರು ದಾಟಿಬಿಡುತ್ತಾರೆ. ಒಂದು ಪ್ರಾಣದ ಬದಲಿಗೆ ಒಂದು ಪ್ರಾಣ, ಯಾರೂ ಲೆಕ್ಕದಿಂದ ಜಾರಿಹೋಗಬಾರದು ಎಂಬ ಕಾಳಜಿ ಅಲ್ಲಿದೆ.

ಅಷ್ಟಾದರೂ ಬೆಳ್ಳಿಗೆ ಒಂದು ಮಿತಿಯಿತ್ತು. ಬೇಕೆಂದೇ ಕೊಲೆ ಮಾಡಿದವನ ಪ್ರಾಣಕ್ಕೆ ಯಾವ ಈಡನ್ನೂ ತೆಗೆದುಕೊಳ್ಳಬಾರದು ಎಂದು ಅರಣ್ಯಕಾಂಡವೇ ಹೇಳುತ್ತದೆ. 49ನೆಯ ಕೀರ್ತನೆ ಇನ್ನೂ ಮುಂದೆ ಹೋಗುತ್ತದೆ: ಯಾವನೂ ತನ್ನ ಸಹೋದರನ ಪ್ರಾಣಕ್ಕೆ ಈಡು ಕೊಟ್ಟು ಅವನನ್ನು ಸಾವಿನಿಂದ ಬಿಡಿಸಲಾರನು, ಅದರ ಬೆಲೆ ಅಷ್ಟು ದೊಡ್ಡದು. ಅದೇ ಕೀರ್ತನೆ ನಡುವೆ ತಟ್ಟನೆ ತಿರುಗಿ, ಆದರೆ ದೇವರು ನನ್ನ ಪ್ರಾಣವನ್ನು ಪಾತಾಳದ ಹಿಡಿತದಿಂದ ಬಿಡಿಸುವನು ಎನ್ನುತ್ತದೆ. ಹೇಗೆ ಎಂದು ಹೇಳುವುದಿಲ್ಲ. ಮನುಷ್ಯನಿಂದ ಆಗದ್ದು, ಆದರೂ ಮನುಷ್ಯನಿಗಾಗಿ ಆಗಲೇಬೇಕಾದದ್ದು ಅಲ್ಲಿ ಹಾಗೆಯೇ ಉಳಿದುಬಿಡುತ್ತದೆ.

ಬೆಲೆ ಎಷ್ಟು, ಯಾರಿಗೆ ಎಂದು ಕೇಳುವ ಮೊದಲು, ಬಿಡಿಸಲು ಬರುವವನು ಯಾರು ಎಂದು ಕೇಳಬೇಕು. ಈ ಉಪನ್ಯಾಸದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಮೋಶೆಯ ಧರ್ಮಶಾಸ್ತ್ರದಲ್ಲಿ ಅದಕ್ಕೆ ಉತ್ತರ ಸ್ಪಷ್ಟವಾಗಿದೆ: ಬಂಧು. ಬಡತನದಿಂದ ಒಬ್ಬನು ತನ್ನನ್ನೇ ಮಾರಿಕೊಂಡರೆ ಅವನ ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು, ಅವರ ಮಕ್ಕಳು, ಇಲ್ಲವೇ ರಕ್ತಸಂಬಂಧಿಗಳಲ್ಲಿ ಯಾರಾದರೂ ಬಿಡಿಸಬಹುದು ಎಂದು ಯಾಜಕಕಾಂಡದ 25ನೆಯ ಅಧ್ಯಾಯ ಸಾಲಾಗಿ ಹೇಳುತ್ತದೆ. ಹೀಗೆ ಬಿಡಿಸುವವನಿಗೆ ಹೀಬ್ರೂ ಭಾಷೆಯಲ್ಲಿ 'ಗೋಏಲ್' ಎಂದು ಹೆಸರು. ವಿಮೋಚಕ ಎಂದು ನಾವು ಅನುವಾದಿಸುವ ಪದ ಇದೇ. ನಮ್ಮ ಕಿವಿಗೆ ಅದರಲ್ಲಿ ಬಿಡುಗಡೆ ಮಾತ್ರ ಕೇಳಿಸುತ್ತದೆ. ಅವರ ಕಿವಿಗೆ ನಂಟತನವೂ ಕೇಳಿಸುತ್ತಿತ್ತು.

ರೂತಳ ಕಥೆಯಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ರೂತಳ ಸತ್ತ ಗಂಡನ ನಂಟನಾದ ಬೋವಜನು ಬೆತ್ಲೆಹೇಮಿನ ಊರಬಾಗಿಲಿನಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು, ತನಗಿಂತ ಹತ್ತಿರದ ಬಂಧುವೊಬ್ಬನನ್ನು ಕರೆದು ಆ ಮನೆಯವರ ಹೊಲವನ್ನು ಬಿಡಿಸಿಕೊಳ್ಳುತ್ತೀಯಾ ಎಂದು ಕೇಳುತ್ತಾನೆ. ಆಗಲಿ ಎನ್ನುತ್ತಾನೆ ಆತ. ಹೊಲದೊಂದಿಗೆ ವಿಧವೆಯಾದ ರೂತಳನ್ನೂ ವರಿಸಿ, ಸತ್ತವನ ಹೆಸರನ್ನು ಉಳಿಸಬೇಕು ಎಂದು ಗೊತ್ತಾದ ಕೂಡಲೇ, ನನ್ನಿಂದಾಗದು, ನನ್ನ ಸ್ವಂತ ಸ್ವಾಸ್ತ್ಯಕ್ಕೆ ನಷ್ಟ ಎಂದು ಆ ಕಾಲದ ಪದ್ಧತಿಯಂತೆ ಕೆರವನ್ನು ತೆಗೆದುಕೊಟ್ಟು ಹಿಂದೆ ಸರಿಯುತ್ತಾನೆ. ತನ್ನ ಹೆಸರಿನ ಆಸ್ತಿ ಉಳಿಸಿಕೊಳ್ಳಲು ಹೋದ ಆ ಮನುಷ್ಯನ ಹೆಸರನ್ನು ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. ಬೋವಜನು ನಷ್ಟವನ್ನು ಮೈಮೇಲೆ ಹಾಕಿಕೊಂಡನು. ದಾವೀದನ ವಂಶಾವಳಿಯಲ್ಲಿ, ಅದರ ಮೂಲಕ ಯೇಸುವಿನ ವಂಶಾವಳಿಯಲ್ಲಿ, ಅವನು ಉಳಿದನು.

ಅದಕ್ಕೂ ಹಿಂದಿನ ಒಬ್ಬ ಪೂರ್ವಜ ಯೂದ. ತಮ್ಮನಾದ ಯೋಸೇಫನನ್ನು ಮಾರಿಬಿಡೋಣ ಎಂದು ಸೂಚಿಸಿದವನು ಇವನೇ. 20 ಬೆಳ್ಳಿ ನಾಣ್ಯಕ್ಕೆ ವ್ಯಾಪಾರ ಕುದುರಿತು. ವರ್ಷಗಳು ಕಳೆದ ಮೇಲೆ ಕಿರಿಯ ತಮ್ಮ ಬೆನ್ಯಾಮೀನನು ಐಗುಪ್ತದಲ್ಲಿ ಸಿಕ್ಕಿಬಿದ್ದಾಗ ಅದೇ ಯೂದನು ಮುಂದೆ ಬಂದು, ಈ ಹುಡುಗನಿಗಾಗಿ ತಂದೆಗೆ ನಾನು ಹೊಣೆಯಾಗಿದ್ದೇನೆ, ಇವನ ಬದಲು ನಾನು ನಿಮಗೆ ದಾಸನಾಗಿ ಉಳಿಯುತ್ತೇನೆ, ಇವನನ್ನು ಮನೆಗೆ ಕಳುಹಿಸಿ ಎಂದು ಬೇಡುತ್ತಾನೆ. ಎದುರಿಗೆ ಕುಳಿತಿದ್ದ ಅಧಿಕಾರಿ ತಾನು ಮಾರಿದ ಯೋಸೇಫನೇ ಎಂದು ಅವನಿಗೆ ಗೊತ್ತಿಲ್ಲ. ಆ ಮಾತನ್ನು ಕೇಳಿ ಯೋಸೇಫನು ದುಃಖ ತಡೆಯಲಾರದೆ ಗಟ್ಟಿಯಾಗಿ ಅತ್ತನು. ಬೈಬಲಿನಲ್ಲಿ ಒಬ್ಬ ಸಹೋದರನು ಇನ್ನೊಬ್ಬನ ಜಾಗದಲ್ಲಿ ತಾನು ನಿಲ್ಲುತ್ತೇನೆ ಎಂದು ಹೇಳುವುದು ಇಲ್ಲಿಯೇ ಮೊದಲು.

ಮೋಶೆಯೂ ಒಮ್ಮೆ ಯತ್ನಿಸಿದನು. ಜನರು ಚಿನ್ನದ ಬಸವನನ್ನು ಮಾಡಿಕೊಂಡು ಕುಣಿದ ಮರುದಿನ ಅವನು ಬೆಟ್ಟ ಹತ್ತಿ ದೇವರಿಗೆ, ಇವರ ಪಾಪವನ್ನು ಕ್ಷಮಿಸು, ಇಲ್ಲವಾದರೆ ನೀನು ಬರೆದಿರುವ ಪುಸ್ತಕದಿಂದ ನನ್ನ ಹೆಸರನ್ನು ಅಳಿಸಿಬಿಡು ಎಂದನು. ದೇವರು ಒಪ್ಪಲಿಲ್ಲ. ಬಿಡಿಸುವ ಮನಸ್ಸಿತ್ತು, ನಂಟತನವೂ ಇತ್ತು. ಆದರೆ ಮೋಶೆಯೂ ಅದೇ ಸಾಲದಲ್ಲಿ ಬಿದ್ದವನೇ. ಸರಿಸಾಟಿ ಎಂಬ ಅರ್ಥದ ಈಡು ಅವನಲ್ಲಿ ಇರಲಿಲ್ಲ.

ಪೌಲನು ಯೇಸುವನ್ನು ಆದಾಮನೊಂದಿಗೆ ಹೋಲಿಸುವುದು ಇದೇ ಕಾರಣಕ್ಕೆ. ಒಬ್ಬನಿಂದ ಪಾಪವೂ ಪಾಪದಿಂದ ಮರಣವೂ ಎಲ್ಲರಿಗೂ ಬಂದವು. ಒಬ್ಬನಿಂದಲೇ ಜೀವವೂ ಬಂದಿತು. ಒಂದನೆಯ ತಿಮೊಥೆಯ ಪತ್ರದಲ್ಲಿ ಅವನು ಬಳಸುವ ಪದ 'ಆಂತಿಲುತ್ರೋನ್', ಅಂದರೆ ಬದಲಿಗೆ ಕೊಟ್ಟ ಈಡು. ಆದಾಮನು ಕಳೆದುಕೊಂಡ ಪರಿಪೂರ್ಣ ಮಾನವ ಜೀವಕ್ಕೆ ಯೇಸುವಿನ ಪರಿಪೂರ್ಣ ಮಾನವ ಜೀವ ತಕ್ಕಡಿಯಲ್ಲಿ ಸರಿಸಮವಾಯಿತು ಎಂದು ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು ಈ ಪದವನ್ನು ಒತ್ತಿ ಹೇಳುತ್ತಾರೆ. ಕಥೋಲಿಕ, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್ ಸಭೆಗಳು ಯೇಸು ದೇವರೂ ಮನುಷ್ಯನೂ ಆಗಿದ್ದಾನೆ ಎಂದು ನಂಬುವುದರಿಂದ ಆ ಪ್ರಾಣದ ಬೆಲೆಗೆ ಅಳತೆಯೇ ಇಲ್ಲ ಎನ್ನುತ್ತವೆ. ನಾನು ಎರಡನೆಯ ಸಾಲಿಗೆ ಸೇರಿದವನು. ಆದರೆ ಅವನು ನಿಜವಾಗಿ ಮನುಷ್ಯನಾಗಿರಲೇಬೇಕಿತ್ತು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಇಬ್ರಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಇದನ್ನು ಅತ್ಯಂತ ಪ್ರೀತಿಯಿಂದ ಹೇಳುತ್ತದೆ. ಮಕ್ಕಳು ರಕ್ತಮಾಂಸಧಾರಿಗಳಾದ್ದರಿಂದ ಅವನೂ ಹಾಗೆಯೇ ರಕ್ತಮಾಂಸವನ್ನು ಧರಿಸಿದನು. ಮರಣಭಯದಿಂದ ಜೀವಮಾನವೆಲ್ಲಾ ದಾಸರಾಗಿದ್ದವರನ್ನು ಬಿಡಿಸಿದನು. ಅವರನ್ನು ಸಹೋದರರೆಂದು ಕರೆಯಲು ಅವನು ನಾಚುವುದಿಲ್ಲ. ಊರಬಾಗಿಲಿಗೆ ಬಂದು, ನಾನು ಇವರ ಬಂಧು ಎಂದು ಹಿರಿಯರ ಎದುರು ಹೇಳಿಕೊಂಡವನ ಮಾತಿನಂತೆ ಇದು ನನಗೆ ಕೇಳಿಸುತ್ತದೆ. ಕ್ರಿಸ್ತಜಯಂತಿ ಬೇರೆ, ಶುಭ ಶುಕ್ರವಾರ ಬೇರೆ ಎಂದು ನಾವು ಆಚರಿಸುತ್ತೇವೆ. ವಿಮೋಚನೆ ಗೋದಲಿಯಲ್ಲಿಯೇ ಆರಂಭವಾಗಿತ್ತು. ನಂಟನಾಗದವನು ಬಿಡಿಸುವುದು ಹೇಗೆ? ನಾಲ್ಕನೆಯ ಶತಮಾನದಲ್ಲಿ ನಾಜಿಯಾನ್ಸಸ್‌ನ ಗ್ರೆಗೊರಿ ಇದನ್ನೇ ಒಂದು ಪತ್ರದಲ್ಲಿ ಬರೆದರು: ಅವನು ತನ್ನದಾಗಿಸಿಕೊಳ್ಳದೆ ಬಿಟ್ಟದ್ದು ಯಾವುದೋ ಅದು ಗುಣವಾಗಲಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಬೆಲೆ ತೆತ್ತನು ಎನ್ನುತ್ತೀರಿ, ಯಾರಿಗೆ ತೆತ್ತನು? ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್, ನಮ್ಮನ್ನು ಹಿಡಿದಿಟ್ಟುಕೊಂಡಿದ್ದ ಸೈತಾನನಿಗೆ ಎಂದರು. ನಿಸ್ಸಾದ ಗ್ರೆಗೊರಿ ಅದನ್ನು ಬೆಳೆಸಿ, ಗಾಳದ ಎರೆಯಂತೆ ಶರೀರದ ಮರೆಯಲ್ಲಿ ದೈವತ್ವ ಅಡಗಿತ್ತು, ಎರೆಯೊಂದಿಗೆ ಗಾಳವನ್ನೂ ಸೈತಾನನು ನುಂಗಿದನು ಎಂಬ ಚಿತ್ರ ಕೊಟ್ಟರು. ಆಕರ್ಷಕ ಚಿತ್ರ, ಆದರೆ ಅದು ದೇವರನ್ನು ಮೋಸಗಾರನನ್ನಾಗಿಯೂ ಸೈತಾನನನ್ನು ಹಕ್ಕುದಾರನನ್ನಾಗಿಯೂ ಮಾಡುತ್ತದೆ. ನಾಜಿಯಾನ್ಸಸ್‌ನ ಗ್ರೆಗೊರಿ ತಮ್ಮ ಪಾಸ್ಖ (ಈಸ್ಟರ್) ಪ್ರವಚನದಲ್ಲಿ ಇದನ್ನು ಕೇಳಿ ಕೆರಳುತ್ತಾರೆ: ದರೋಡೆಗಾರನಿಗೆ ಇಷ್ಟು ದೊಡ್ಡ ಸಂಬಳವೇ? ಹಾಗಾದರೆ ತಂದೆಗೆ ಕೊಟ್ಟದ್ದೇ? ನಾವು ತಂದೆಯ ಸೆರೆಯಲ್ಲಿ ಇರಲಿಲ್ಲವಲ್ಲ. ಅಬ್ರಹಾಮನು ಅರ್ಪಿಸಲು ತಂದ ಮಗ ಇಸಾಕನನ್ನೇ ಬಲಿಯಾಗಿ ಒಲ್ಲದೆ ಟಗರನ್ನು ಕೊಟ್ಟ ತಂದೆ ಒಬ್ಬನೇ ಮಗನ ರಕ್ತದಲ್ಲಿ ಸಂತೋಷಪಡುವನೇ? ಹೀಗೆ ಎರಡನ್ನೂ ತಳ್ಳಿಹಾಕಿ, ಸ್ವಲ್ಪ ಹೇಳಿ, ಮಿಕ್ಕದ್ದನ್ನು ಮೌನದಿಂದ ಗೌರವಿಸೋಣ ಎಂದು ಅವರು ನಿಲ್ಲಿಸುತ್ತಾರೆ.

1098ರ ಸುಮಾರಿಗೆ ಕ್ಯಾಂಟರ್‌ಬರಿಯ ಆನ್ಸೆಲ್ಮ್ ಬೇರೆ ದಾರಿ ಹಿಡಿದರು. ಪಾಪ ಎಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು; ಆ ಸಾಲವನ್ನು ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು ಮಾತ್ರ; ಆದ್ದರಿಂದ ಎರಡೂ ಆದವನೊಬ್ಬನು ಬೇಕಾಯಿತು. ಅವರ ನಂತರದ ಪೀಟರ್ ಅಬೆಲಾರ್ಡ್, ಶಿಲುಬೆ ದೇವರ ಪ್ರೀತಿಯನ್ನು ತೋರಿಸಿ ನಮ್ಮ ಹೃದಯವನ್ನು ಬದಲಿಸುತ್ತದೆ ಎಂಬುದಕ್ಕೆ ಒತ್ತು ಕೊಟ್ಟರು. ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರು ನಮಗೆ ಬರಬೇಕಾದ ಶಿಕ್ಷೆಯನ್ನು ಅವನು ಹೊತ್ತನು ಎಂದರು. ಇವೆಲ್ಲದರ ನಡುವೆ ಮರೆಯಬಾರದ ಒಂದು ಸಂಗತಿ: 325ರಲ್ಲಿ ನಿಸೆಯದಲ್ಲಿ, 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ರೂಪುಗೊಂಡ ವಿಶ್ವಾಸ ಪ್ರಮಾಣ, ನಮಗೋಸ್ಕರ ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಗೆ ಹಾಕಲ್ಪಟ್ಟನು ಎಂದು ಹೇಳಿ ಸುಮ್ಮನಾಗುತ್ತದೆ. ಅದು ನಮಗೋಸ್ಕರವಾದದ್ದು ಹೇಗೆ ಎಂಬುದಕ್ಕೆ ಒಂದೇ ವಿವರಣೆಯನ್ನು ಅದು ಕಡ್ಡಾಯ ಮಾಡಲಿಲ್ಲ.

ಯಾರಿಗೆ ಎಂಬ ಪ್ರಶ್ನೆಗೆ ನನ್ನ ಉತ್ತರ ಐಗುಪ್ತದಲ್ಲಿದೆ. ದೇವರು ಇಸ್ರಾಯೇಲ್ಯರನ್ನು ಫರೋಹನ ಕೈಯಿಂದ ಈಡು ಕೊಟ್ಟು ಬಿಡಿಸಿದನು ಎಂಬ ಅರ್ಥದ ಪದವನ್ನೇ ಧರ್ಮೋಪದೇಶಕಾಂಡ ಮತ್ತೆ ಮತ್ತೆ ಬಳಸುತ್ತದೆ. ಫರೋಹನ ಕೈಗೆ ಒಂದು ನಾಣ್ಯವೂ ಹೋಗಲಿಲ್ಲ. ನೀವು ಕ್ರಯವಿಲ್ಲದೆ ಮಾರಲ್ಪಟ್ಟಿರಿ, ಹಣವಿಲ್ಲದೆ ಬಿಡುಗಡೆ ಹೊಂದುವಿರಿ ಎಂದು ಪ್ರವಾದಿ ಯೆಶಾಯನೂ ಹೇಳುತ್ತಾನೆ. ಯೇಸು ತನ್ನನ್ನು ಬಲಿಯಾಗಿ ದೇವರಿಗೆ ಅರ್ಪಿಸಿಕೊಂಡನು ಎಂದು ಹೊಸ ಒಡಂಬಡಿಕೆ ಹೇಳುತ್ತದೆ, ನಿಜ. ಆದರೆ ಈಡನ್ನು ಎಣಿಸಿ ಪೆಟ್ಟಿಗೆಗೆ ಹಾಕಿಕೊಂಡವನೊಬ್ಬನ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಸ್ವಾತಂತ್ರ್ಯಕ್ಕಾಗಿ ಪ್ರಾಣವನ್ನೇ ಬೆಲೆ ತೆತ್ತರು ಎಂದು ನಾವು ಹೇಳುವಾಗ ಯಾರ ಪೆಟ್ಟಿಗೆಗೆ ಎಂದು ಕೇಳುವುದಿಲ್ಲ. ತೆತ್ತವನಿಗೆ ಎಷ್ಟು ತಗಲಿತು ಎಂಬುದೇ ಅಲ್ಲಿ ಬೆಲೆ.

ಇನ್ನೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ತಪ್ಪು ಮಾಡಿದವನೊಬ್ಬ, ಶಿಕ್ಷೆ ಮತ್ತೊಬ್ಬನಿಗೆ, ಇದು ನ್ಯಾಯವೇ? ಮಗನು ತಂದೆಯ ದೋಷವನ್ನು ಹೊರಬಾರದು, ಪಾಪ ಮಾಡಿದವನೇ ಸಾಯಬೇಕು ಎಂದು ಯೆಹೆಜ್ಕೇಲನ 18ನೆಯ ಅಧ್ಯಾಯವೇ ಸಾರುತ್ತದೆ. ಸಿಟ್ಟುಗೊಂಡ ತಂದೆಯೊಬ್ಬ ನಿರಪರಾಧಿ ಮಗನನ್ನು ಎಳೆದು ತಂದು ಹೊಡೆದನು ಎಂಬಂತೆ ಶಿಲುಬೆಯನ್ನು ಬಣ್ಣಿಸುವ ಪ್ರಸಂಗಗಳನ್ನು ಕೇಳಿ ನಾನು ನೊಂದಿದ್ದೇನೆ. ಹಾಗೆ ಬಣ್ಣಿಸಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಯೇಸು, ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದನು. ದೇವರು ಕ್ರಿಸ್ತನಲ್ಲಿದ್ದುಕೊಂಡು ಲೋಕವನ್ನು ತನಗೆ ಸಮಾಧಾನಪಡಿಸಿಕೊಳ್ಳುತ್ತಿದ್ದನು ಎಂದು ಪೌಲನು ಬರೆದನು. ನೋವು ದೇವರ ಹೊರಗೆ ಎಲ್ಲೋ ನಡೆದದ್ದಲ್ಲ. ಬಂಧುವಿನ ಸಾಲಕ್ಕೆ ಹೊಣೆ ನಿಂತವನ ಮೇಲೆ ಸಾಲ ಬಿದ್ದರೆ ಅದನ್ನು ಅನ್ಯಾಯ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಅವನು ಹೊಣೆ ನಿಂತದ್ದು ಏಕೆ ಎಂದು ಕೇಳುತ್ತೇವೆ, ಅದಕ್ಕೆ ಉತ್ತರ ನಂಟತನದಲ್ಲಿರುತ್ತದೆ.

ಯೇಸುವನ್ನು ವಿಚಾರಿಸಿದ ರೋಮನ್ ಅಧಿಪತಿ ಪಿಲಾತನ ಅಂಗಳದಲ್ಲಿ ಇದು ಬರಬ್ಬನೆಂಬ ಮನುಷ್ಯನ ಪಾಲಿಗೆ ಅಕ್ಷರಶಃ ನಡೆಯಿತು. ದಂಗೆಯಲ್ಲಿ ಕೊಲೆ ಮಾಡಿದವರ ಜೊತೆ ಸೆರೆಯಲ್ಲಿದ್ದವನು. ನಾಲ್ಕೂ ಸುವಾರ್ತೆಗಳು ಅವನನ್ನು ಹೆಸರಿಸುತ್ತವೆ. ಅವನನ್ನು ಬಿಟ್ಟರು, ಯೇಸುವನ್ನು ಒಯ್ದರು. ಅವನು ನಂಬಿದನೇ, ಅತ್ತನೇ, ಹಿಂದಿರುಗಿಯೂ ನೋಡದೆ ಓಡಿದನೇ ಎಂದು ಸುವಾರ್ತೆಗಳು ಹೇಳುವುದಿಲ್ಲ. ಸರಪಳಿ ಕಳಚಿತು, ಅಷ್ಟೇ. ಗೊಲ್ಗೊಥಾದಲ್ಲಿ ಇಬ್ಬರು ಕಳ್ಳರನ್ನು ಯೇಸುವಿನೊಂದಿಗೆ ಶಿಲುಬೆಗೆ ಹಾಕಿದರು ಎಂದು ಮಾರ್ಕನು ಬರೆಯುವಾಗ, ಒಬ್ಬನನ್ನು ಬಲಗಡೆಯಲ್ಲಿ, ಒಬ್ಬನನ್ನು ಎಡಗಡೆಯಲ್ಲಿ ಎಂದು ಬಿಡಿಸಿ ಹೇಳುತ್ತಾನೆ. ಜೆಬೆದಾಯನ ಮಕ್ಕಳು ಬೇಡಿದ ಜಾಗಗಳು ಅವು. ನೀವು ಏನು ಕೇಳುತ್ತಿದ್ದೀರೆಂದು ನಿಮಗೆ ತಿಳಿಯದು ಎಂದು ಯೇಸು ಆಗ ಹೇಳಿದ್ದು ಸುಮ್ಮನೆ ಅಲ್ಲ.

ಈಡು ಪಡೆದವರು ಹೇಗೆ ಬದುಕುತ್ತಾರೆ ಎಂಬುದಕ್ಕೆ ನಾನು ಫಿಲೆಮೋನನಿಗೆ ಬರೆದ ಪತ್ರವನ್ನು ಓದುತ್ತೇನೆ. ಕೇವಲ 25 ವಚನಗಳು. ಫಿಲೆಮೋನನು ಯಜಮಾನ, ಓನೇಸಿಮನು ಅವನನ್ನು ಬಿಟ್ಟುಬಂದ ದಾಸ, ಪೌಲನು ಸೆರೆಮನೆಯಲ್ಲಿರುವ ಮುದುಕ. ಓನೇಸಿಮನನ್ನು ಹಿಂದಕ್ಕೆ ಕಳುಹಿಸುತ್ತಾ ಪೌಲನು, ಇವನನ್ನು ಇನ್ನು ಮೇಲೆ ದಾಸನೆಂದು ಎಣಿಸದೆ ಪ್ರಿಯ ಸಹೋದರನೆಂದು ಸೇರಿಸಿಕೋ, ನನ್ನನ್ನೇ ಸೇರಿಸಿಕೊಳ್ಳುವಂತೆ ಸೇರಿಸಿಕೋ ಎನ್ನುತ್ತಾನೆ. ಆಮೇಲೆ ಬರಹಗಾರನ ಕೈಯಿಂದ ಲೇಖನಿಯನ್ನು ತಾನೇ ತೆಗೆದುಕೊಂಡವನಂತೆ ಬರೆಯುತ್ತಾನೆ: ಇವನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ, ಇವನು ನಿನಗೆ ಏನಾದರೂ ಕೊಡಬೇಕಾಗಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು. ಪೌಲನೆಂಬ ನಾನು ನನ್ನ ಸ್ವಂತ ಕೈಯಿಂದ ಬರೆಯುತ್ತಿದ್ದೇನೆ, ನಾನೇ ತೀರಿಸುತ್ತೇನೆ.

ಸೆರೆಯಲ್ಲಿರುವ ಮುದುಕನ ಬಳಿ ಹಣ ಎಲ್ಲಿಂದ ಬರಬೇಕು? ಆದರೂ ಅವನು ಬರೆದನು. ಪತ್ರ ಮುಗಿಯುವ ಮುನ್ನ ಇನ್ನೊಂದು ಸಾಲು ಸೇರಿಸಿದನು: ನನಗಾಗಿ ಒಂದು ಬಿಡಾರವನ್ನು ಸಿದ್ಧಮಾಡು, ನಿಮ್ಮ ಪ್ರಾರ್ಥನೆಗಳಿಂದ ನಾನು ನಿಮ್ಮ ಬಳಿಗೆ ಬರುವೆನೆಂದು ನಿರೀಕ್ಷಿಸುತ್ತೇನೆ.